ಭಾನುಮತಿಯವರ ಅಪ್ರದಕ್ಷಿಣೆ

ಭಾನುಮತಿಯವರು ಮಂಗಳವಾರದ ಕುಣಿತಕ್ಕೆ ಸೇರಿದ್ದು ಮಂಡಿನೋವಿಗೆ. ನ್ಯೂಜರ್ಸಿಯ ಮನ್ರೋ ಊರಿನ ಹಿರಿಯರ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಎಂಬತ್ತಾರು ವರ್ಷದ ಡೇನಿಯಲ್ ಯಹೂದಿಗಳ ಹೋರಾ ನೃತ್ಯ ಕಲಿಸುತ್ತಿದ್ದರು. ಕಷ್ಟದ್ದೇನಲ್ಲ, ಎಲ್ಲರೂ ವೃತ್ತವಾಗಿ ಕೈಕೈ ಹಿಡಿದು ನಿಂತು, ಹಾಡಿಗೆ ತಕ್ಕಂತೆ ಬಲಕ್ಕೆ ಹೆಜ್ಜೆ ಹಾಕುತ್ತಾ ಸುತ್ತುವುದು. ಮೊದಲ ದಿನವೇ ಹದಿನಾಲ್ಕು ಮಂದಿ ಬಲಕ್ಕೆ ಹೊರಟರೆ ಭಾನುಮತಿಯವರೊಬ್ಬರೇ ಎಡಕ್ಕೆ ಹೊರಟರು. ಪಕ್ಕದಲ್ಲಿದ್ದ ಮಾರ್ಗರೆಟ್ಟಳ ಕನ್ನಡಕ ಕೆಳಗೆ ಬಿತ್ತು.

ತಪ್ಪು ತಮ್ಮದಲ್ಲ ಎಂದು ಭಾನುಮತಿಯವರು ಸಾವಧಾನವಾಗಿ ವಿವರಿಸಿದರು. ಬಲಕ್ಕೆ ಹೆಜ್ಜೆ ಹಾಕಿದರೆ ವೃತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಅದು ಅಪ್ರದಕ್ಷಿಣೆ. ದೇವರನ್ನು ಯಾರೂ ಹಾಗೆ ಸುತ್ತುವುದಿಲ್ಲ. ಹಾಗೆ ಸುತ್ತುವುದು ಸತ್ತವರ ಕರ್ಮದಲ್ಲಿ. ತಮ್ಮ ಗಂಡ ಮನೆಯಲ್ಲಿ ಗಟ್ಟಿಮುಟ್ಟಾಗಿ ಕೂತು ಎರಡನೇ ಲೋಟ ಕಾಫಿ ಕುಡಿಯುತ್ತಿರುವಾಗ ತಾವು ಹಾಗೆ ಸುತ್ತುವ ಪ್ರಶ್ನೆಯೇ ಬರುವುದಿಲ್ಲ. ಡೇನಿಯಲ್ ಎಲ್ಲವನ್ನೂ ಗಂಭೀರವಾಗಿ ಕೇಳಿ, ತಮ್ಮ ಅಜ್ಜಿಯೂ ಹೀಗೇ ಇದ್ದರೆಂದು ಹೇಳಿ, ಅವರನ್ನು ವೃತ್ತದ ನಡುವೆ ನಿಲ್ಲಿಸಿದರು. ನಡುವೆ ನಿಂತವರು ಸುತ್ತಬೇಕಾಗಿಲ್ಲ, ಚಪ್ಪಾಳೆ ತಟ್ಟಿದರೆ ಸಾಕು. ಆರು ತಿಂಗಳು ಹೀಗೇ ನಡೆಯಿತು. ಮಂಡಿನೋವು ಎಲ್ಲಿತ್ತೋ ಅಲ್ಲೇ ಇತ್ತು.

"ಈಗ ಅವರೆಲ್ಲ ನಿನಗೇ ಅಪ್ರದಕ್ಷಿಣೆ ಹಾಕ್ತಿದಾರಲ್ಲೇ," ಎಂದರು ಗಂಡ ಪ್ರಭಾಕರ. ರಾಜ್ಯದ ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ಎಂಜಿನಿಯರ್ ಆಗಿ ನ್ಯೂಜರ್ಸಿಯ ಟ್ರಾಫಿಕ್ ಸರ್ಕಲ್‌ಗಳನ್ನೇ ನೋಡಿಕೊಂಡವರು ಅವರು. "ಅಷ್ಟಕ್ಕೂ ಈ ದೇಶದಲ್ಲಿ ಸರ್ಕಲ್ಲಲ್ಲಿ ಕಾರು ತಿರುಗೋದೇ ಹಾಗೆ. ಇಷ್ಟು ವರ್ಷ ಡ್ರೈವ್ ಮಾಡಿದೀಯ. ನಾನೇನು ಸತ್ತೋದ್ನಾ?"

ಭಾನುಮತಿಯವರಿಗೆ ಇದು ಹೊಳೆದೇ ಇರಲಿಲ್ಲ. ಮರುದಿನದಿಂದ ಊರಾಚೆಯ ಸರ್ಕಲ್ ತಪ್ಪಿಸಿ, ಎರಡು ಮೈಲಿ ಬಳಸಿಕೊಂಡು ಹೋಗಿ ತರಕಾರಿ ತರತೊಡಗಿದರು. ಪ್ರಭಾಕರರಿಗೆ ತಾವು ಬಾಯಿ ಬಿಟ್ಟದ್ದೇ ತಪ್ಪೆನಿಸಿತು.

ಮಾರ್ಚ್ ತಿಂಗಳಲ್ಲಿ ಪ್ರಭಾಕರರಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಎಡಗಾಲು ಸೋತಿತು. ಆಸ್ಪತ್ರೆಯಿಂದ ಕಳಿಸಿದ ರೀಹ್ಯಾಬ್ ಕೇಂದ್ರದಲ್ಲಿ ಅವರನ್ನು ಮತ್ತೆ ನಡೆಸುವ ಕೆಲಸ ತನುಶ್ರೀಯದು. ಪಾರ್ಸಿಪನಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಬೀಳದಂತೆ ಹಿಡಿದುಕೊಳ್ಳಲು ಅವಳು ಪ್ರಭಾಕರರ ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಲು ಬಂದಳು.

"ನಾನೇನು ಹಸುವೇನಮ್ಮ, ಹಗ್ಗ ಹಿಡಿದು ನಡೆಸೋಕೆ?" ಎಂದು ಪ್ರಭಾಕರ ಕುರ್ಚಿಯಲ್ಲೇ ಕೂತರು. ಎಂಟು ದಿನ ಕೂತರು. ಶುಕ್ರವಾರದೊಳಗೆ ಹತ್ತು ಹೆಜ್ಜೆ ಇಡದಿದ್ದರೆ ರೀಹ್ಯಾಬಿನವರು ಸುಧಾರಣೆ ಇಲ್ಲವೆಂದು ಬರೆದು, ವಯಸ್ಸಾದವರನ್ನು ಕೊನೆಯವರೆಗೂ ಇಟ್ಟುಕೊಳ್ಳುವ ನರ್ಸಿಂಗ್ ಹೋಮಿಗೆ ಕಳಿಸುತ್ತಾರೆ. ಅಲ್ಲಿಂದ ಮನೆಗೆ ಬಂದವರ ಹೆಸರು ಭಾನುಮತಿಯವರು ಕೇಳಿರಲಿಲ್ಲ. ಅವರಿಗೆ ಕೈಕಾಲು ಆಡಲಿಲ್ಲ. ತಾವು ನಡುವೆ ನಿಂತು ಆರು ತಿಂಗಳು ಸುತ್ತಿಸಿಕೊಂಡದ್ದರ ಫಲವೇ ಇದು ಎಂಬ ಅನುಮಾನ ಬೇರೆ. ಇನ್ನು ಕುಣಿತಕ್ಕೆ ಬರುವುದಿಲ್ಲವೆಂದು ಡೇನಿಯಲ್‌ಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ ಅತ್ತರು.

ಶುಕ್ರವಾರ ಬೆಳಿಗ್ಗೆ ಡೇನಿಯಲ್ ಹನ್ನೆರಡು ಮಂದಿ, ಮೂರು ಊರುಗೋಲು ಮತ್ತು ಒಂದು ಅಕಾರ್ಡಿಯನ್ ಸಮೇತ ರೀಹ್ಯಾಬಿಗೆ ಬಂದರು. ವ್ಯಾಯಾಮದ ಸೈಕಲ್ಲುಗಳ ನಡುವೆ ಜಾಗ ಮಾಡಿಕೊಂಡು ವೃತ್ತ ಕಟ್ಟಿದರು. ಬೆಲ್ಟನ್ನು ನೋಡಿ, "ನನಗೂ ಒಂದು ಕೊಡಮ್ಮ, ನನ್ನ ಬ್ಯಾಲೆನ್ಸ್ ಕೂಡ ಸರಿಯಿಲ್ಲ," ಎಂದು ತನುಶ್ರೀಯಿಂದ ಕಟ್ಟಿಸಿಕೊಂಡರು. ಮಾರ್ಗರೆಟ್ಟಳಿಗೂ ಒಂದು ಬೇಕಾಯಿತು. ಎಲ್ಲರಿಗೂ ಹಗ್ಗ ಬಿದ್ದ ಮೇಲೆ ಪ್ರಭಾಕರರಿಗೆ ತಕರಾರು ಉಳಿಯಲಿಲ್ಲ. ಎದ್ದು ನಿಂತರು. ಎಡಗೈಯನ್ನು ಡೇನಿಯಲ್ ಹಿಡಿದರು, ಬಲಗೈಯನ್ನು ಹೆಂಡತಿ.

"ನಿಮಗೋಸ್ಕರ ಇವತ್ತು ಎಡಕ್ಕೆ," ಎಂದು ಡೇನಿಯಲ್ ಭಾನುಮತಿಯವರಿಗೆ ತಲೆಬಾಗಿದರು.

ಅಕಾರ್ಡಿಯನ್ ಶುರುವಾಯಿತು. ವೃತ್ತ ಎಡಕ್ಕೆ ಹೊರಟಿತು. ಪ್ರಭಾಕರರ ಎಡಗಾಲು ನೆಲ ಬಿಡಲಿಲ್ಲ. ಅವರ ಮುಖ ಕೆಂಪಾಯಿತು. ಕುರ್ಚಿ ಎಲ್ಲಿದೆ ಎಂದು ಹಿಂದೆ ನೋಡಿದರು.

"ಆಂಟಿ, ರೈಟ್ ಲೆಗ್ ಈಸ್ ಸ್ಟ್ರಾಂಗ್," ಎಂದಳು ತನುಶ್ರೀ. "ರೈಟ್ ಸೈಡ್ ಹೋದ್ರೆ ಹೀ ಕ್ಯಾನ್ ಡೂ ಇಟ್."

ಸಂಗೀತ ನಿಂತಿತು. ಎಲ್ಲರೂ ಭಾನುಮತಿಯವರನ್ನು ನೋಡಿದರು. ಅಪ್ಪನ ಚಿತೆಯನ್ನು ಅಣ್ಣ ಮಡಕೆ ಹೊತ್ತು ಸುತ್ತಿದ್ದು ಅವರ ಕಣ್ಣಮುಂದೆ ಬಂತು. ಭಯವಾಯಿತು. ಪಕ್ಕದಲ್ಲಿ ಗಂಡ ಮತ್ತೆ ಕುರ್ಚಿಯ ಕಡೆ ತಿರುಗಿದರು.

"ಬಲಕ್ಕೇ ಬನ್ನಿ," ಎಂದು ಭಾನುಮತಿಯವರು ಮೊದಲ ಹೆಜ್ಜೆ ತಾವೇ ಇಟ್ಟರು.

ಪ್ರಭಾಕರರ ಬಲಗಾಲು ಸರಿಯಿತು. ಎಡಗಾಲು ಎಳೆದುಕೊಂಡು ಹಿಂದೆ ಬಂತು. ತನುಶ್ರೀ ಹತ್ತರವರೆಗೆ ಎಣಿಸಿ ಕಾಗದದಲ್ಲಿ ಬರೆದುಕೊಂಡಳು. ಭಾನುಮತಿಯವರು ಹದಿನಾರರವರೆಗೆ ಎಣಿಸಿದರು, ಆಮೇಲೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು.

ಮೂರು ವಾರದ ನಂತರ ಅವರು ಗಂಡನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟರು. ಎರಡು ಮೈಲಿಯ ಬಳಸುದಾರಿ ಬಂದಾಗ ತಿರುಗಿಸಲಿಲ್ಲ. ಕಾರು ನೇರವಾಗಿ ಸರ್ಕಲ್ಲಿಗೆ ಹೋಯಿತು. ಪ್ರಭಾಕರ ಕಿಟಕಿಯಾಚೆ ನೋಡುತ್ತಿದ್ದರು. ಮನೆಯ ಕಡೆಯ ರಸ್ತೆ ಬಂತು, ಹಿಂದಾಯಿತು.

"ನಮ್ಮ ಎಕ್ಸಿಟ್ ಬಿಟ್ಟೆ ಕಣೇ."

"ಗೊತ್ತು ರೀ," ಎಂದು ಭಾನುಮತಿಯವರು ಇನ್ನೊಂದು ಸುತ್ತು ಹಾಕಿದರು.