ಬಿಲೊ ಕೂಗಿದ ಬೆಳಗು

ಸಿಬೆರುತ್ ದ್ವೀಪದ ಕಾಡಿನಲ್ಲಿ ದಾರಿಯೆಂದರೆ ಕೆಸರಿನ ಮೇಲೆ ಉರುಳಿಸಿಟ್ಟ ಕೊರಡುಗಳು. ಬೆತ್ತದ ಬುಟ್ಟಿ ಹೊತ್ತು ಅವುಗಳ ಮೇಲೆ ನಡೆದೂ ನಡೆದೂ ಬಾಯ್ ಲೇಪೊನ್‌ಳ ಮಂಡಿಗಳು ಸವೆದುಹೋಗಿದ್ದವು. ಮೊದಲ ಮಗಳು ಲೇಪೊನ್ ಹುಟ್ಟಿದಂದಿನಿಂದ ಊರಿಗೆಲ್ಲ ಅವಳು ಬಾಯ್ ಲೇಪೊನ್, ಅಂದರೆ ಲೇಪೊನ್‌ಳ ಅಮ್ಮ; ಗಂಡ ಅಮನ್ ಲೇಪೊನ್, ಲೇಪೊನ್‌ಳ ಅಪ್ಪ. ಬಂದವರಿಗೆ ಅವನು ಕಾಡು ತೋರಿಸುತ್ತಾನೆ, ಇವಳು ಬೇಯಿಸಿ ಹಾಕುತ್ತಾಳೆ.

ಈ ಸಲ ಬಂದವಳು ದೂರದ ಸುರಬಾಯ ನಗರದ ರೆತ್ನೊ, ನಿವೃತ್ತ ಟೀಚರು. ಬಾಯ್ ಅವಳನ್ನು ಕರೆಯುತ್ತಿದ್ದುದು 'ಇಬು', ಅಂದರೆ ಅಮ್ಮ ಎಂದು. ಜೊತೆಯವರೆಲ್ಲ ಹಲವು ಸಂಸಾರಗಳು ಒಟ್ಟಿಗಿರುವ ಉದ್ದಮನೆ ನೋಡಿ, ಮೈತುಂಬ ಹಚ್ಚೆಯಿದ್ದ ಮುದುಕರ ಫೋಟೊ ತೆಗೆದು ದೋಣಿ ಹತ್ತಿದ್ದರು. ಬಿಲೊ ಹಾಡುವುದನ್ನು ಕೇಳದೆ ಹೋಗುವುದಿಲ್ಲವೆಂದು ಈಕೆಯೊಬ್ಬಳು ಉಳಿದುಕೊಂಡಳು. ಬಿಲೊ ಅಂದರೆ ಬಾಲವಿಲ್ಲದ ಕರಿ ವಾನರ. ಮಳೆ ಹಿಡಿದರೆ ದನಿ ಎತ್ತುವುದಿಲ್ಲ. ಮಳೆಯೋ ಬಿಡುವಂತೆ ಕಾಣಲಿಲ್ಲ.

"ಇಲ್ಲಿ ಕೇಳ್ಸದಿದ್ರೆ ಆಚೆ ಕಣಿವೆಗೂ ಹೋಗ್ಬೇಕು ಕಣೆ," ಎಂದ ಅಮನ್.

"ನಂಗಾಗಲ್ಲ. ನೀನೇ ಮರ ಹತ್ತಿ ಹಾಡ್ಬಿಡು. ಆಯಮ್ಮಂಗೇನು ಗೊತ್ತಾಗುತ್ತೆ?"

ಅಂದು ಸಂಜೆ ರೆತ್ನೊ ಕೊರಡಿನಿಂದ ಜಾರಿ ಬಿದ್ದಳು. ಕಾಲು ಊದಿತು, ಜ್ವರ ಏರಿತು. ಬಾಯ್ ಶುಂಠಿ ಜಜ್ಜಿ ಕಟ್ಟಿ ಪಕ್ಕದಲ್ಲೇ ಕೂತಳು. ಬೆಳಗಿನ ಜಾವಕ್ಕೆ ಇಬ್ಬರಿಗೂ ಮಂಪರು ಹತ್ತಿತು, ಮಳೆಯೂ ನಿಂತಿತು. ಬೆಳಕು ಹರಿಯುತ್ತಲೇ ಹಳ್ಳದಾಚೆ ಹೆಣ್ಣು ಬಿಲೊವೊಂದು ದನಿ ಎತ್ತಿತು. ಬಾಯ್‌ಗೆ ಎಚ್ಚರವಾಯಿತು.

"ಎಬ್ಬಿಸ್ಬೇಡ," ಅಮನ್ ಪಿಸುಗುಟ್ಟಿದ. "ಪಾಪ, ಈಗಷ್ಟೇ ಕಣ್ಣು ಮುಚ್ಚಿದಾರೆ."

ಬಾಯ್‌ಗೂ ಹಾಗೇ ಒರಗಿಬಿಡುವ ಆಸೆ. ಆದರೂ ಕೈ ಚಾಚಿ ಭುಜ ಅಲುಗಿಸಿದಳು. "ಇಬು, ಏಳಿ. ನಿಮ್ಮ ಬಿಲೊ."

ರೆತ್ನೊ ಎದ್ದು ಕೂತು ಅವಳ ಮಣಿಕಟ್ಟು ಹಿಡಿದುಕೊಂಡಳು. ದನಿ ಮೇಲೇರಿತು, ತುದಿಯಲ್ಲಿ ನಡುಗಿತು, ಮತ್ತೆ ಬಳಬಳ ಇಳಿಯಿತು. ಅದು ನಿಂತ ಮೇಲೂ ಅವಳು ಕೈ ಬಿಡಲಿಲ್ಲ.

"ಏನಂತೆ ಅದಕ್ಕೆ?"

"ಈ ಮರ ನಂದು, ಯಾರೂ ಬರ್ಬೇಡಿ ಅಂತ. ದಿನಾ ಇದೇ ಜಗಳ."

ರೆತ್ನೊ ನಕ್ಕಳು. ಕಣ್ಣಲ್ಲಿ ನೀರಿತ್ತು. "ಹಾಗಾದ್ರೆ ಹೊರಡೋಣ. ಸಾಕು ನಂಗೆ."

ಉದ್ದಮನೆಯ ಇಬ್ಬರು ಗಂಡಸರು ಬಟ್ಟೆಯ ಜೋಲಿ ಕಟ್ಟಿ ಅವಳನ್ನು ದೋಣಿಯತ್ತ ಹೊತ್ತು ನಡೆದರು. ಹಿಂದೆ ಬುಟ್ಟಿಯೇರಿಸಿದ ಬಾಯ್.

"ನಿಮ್ಮನ್ನ ಯಾರು ಹೊರ್ತಾರೆ?" ಜೋಲಿಯೊಳಗಿಂದ ಕೇಳಿದಳು ರೆತ್ನೊ.

"ಯಾರು ಹೊರ್ತಾರೆ ಇಬು! ನೀವೇನಾದ್ರೂ ಮಾತಾಡ್ತಿರಿ, ದಾರಿ ಸಾಗುತ್ತೆ."

ರೆತ್ನೊ ತನ್ನ ಶಾಲೆಯ ಮಕ್ಕಳ ಸುದ್ದಿ ತೆಗೆದಳು. ಮೊದಲ ಹಳ್ಳ ದಾಟುವಷ್ಟರಲ್ಲಿ ಗೊರಕೆ ಕೇಳಿಸಿತು. ಬಾಯ್ ಬುಟ್ಟಿಯ ಪಟ್ಟಿ ಸರಿಮಾಡಿಕೊಂಡು ಮುಂದಿನ ಕೊರಡಿಗೆ ಕಾಲಿಟ್ಟಳು.