ಅಳಿವೆಗೆ ಚಿಂದಿ ಕಟ್ಟೋರು ಯಾರು?

ಬೆಂಡೀಕಾಯಿ ಆರಿಸುವುದನ್ನು ಖಾನಾಪುರದ ಬುರಾನುದ್ದೀನನಿಂದ ಕಲಿಯಬೇಕು. ತುದಿ ಚಟ್ಟನೆ ಮುರಿದರೆ ಚೀಲಕ್ಕೆ. ಮುರಿಯದಿದ್ದರೆ ಮಾರುವವಳ ಕಡೆಗೊಂದು ನಿಟ್ಟುಸಿರು. ಎಳೆಯದೇ ರುಚಿ ಎಂಬುದು ಅವನ ಸಿದ್ಧಾಂತ.

ಅದೇ ಸಿದ್ಧಾಂತದೊಂದಿಗೆ ಅವನು ಆ ದಿನ ಬೆಳಗಾವಿಯ ಮೀನು ಮಾರ್ಕೆಟ್ಟಿಗೆ ಹೋದ. ಸೊಸೆ ಸಿಮ್ರನಳ ತಂದೆ ಮೊದಲ ಸಲ ಮನೆಗೆ ಬಂದಿದ್ದರು. ಅವರದು ಕರಾವಳಿಯ ಅಳಿವೆ ದಂಡೆಯ ಊರು. ಹೊಳೆ ಸಮುದ್ರ ಸೇರುವಲ್ಲಿ ಕೆಸರಿನಿಂದ ಚಿಪ್ಪುಮೀನು ಹೆಕ್ಕಿ ಬದುಕಿದವರು. ಅವರಿಗೆ ಚಿಪ್ಪಿನ ಸಾರೇ ಉಣಿಸಬೇಕೆಂದು ಬುರಾನುದ್ದೀನ ಉಗುರಿನಷ್ಟು ಸಣ್ಣವನ್ನೇ ಆರಿಸಿ ತಂದ.

ತಾಟಿನ ಮುಂದೆ ಕೂತ ಬೀಗರು ಒಂದು ಚಿಪ್ಪು ಎತ್ತಿ ನೋಡಿದರು. ಮೆಲ್ಲಗೆ ಕೆಳಗಿಟ್ಟರು. ಅನ್ನಕ್ಕೆ ಬರೀ ಸಾರು ಕಲಸಿಕೊಂಡರು.

"ಯಾಕ್ರೀ ಬೀಗ್ರ, ಖಾರ ಆತೇನು?"

ತಂದೆಯ ಬದಲು ಸಿಮ್ರನಳೇ ಮಾವನಿಗೆ ಹೇಳಿದಳು: "ಅಬ್ಬಾ, ಇವು ಇನ್ನೂ ಕೂಸು. ಒಮ್ಮೆಯೂ ಮೊಟ್ಟೆ ಇಟ್ಟಿಲ್ಲ."

"ಎಳೇದ ರುಚಿ ಅಲ್ಲೇನು ಬೇಟಿ? ಸಮುದ್ರ ಏನು ನಮ್ಮೂರ ಕೆರಿನ, ಖಾಲಿ ಆಗಾಕ?"

"ಸಮುದ್ರ ಖಾಲಿ ಆಗೂದಿಲ್ಲ ಬೀಗ್ರೆ," ಅಂದರು ಅವರು. "ನಮ್ಮ ಕೆಸರು ಖಾಲಿ ಆಗಿದೆ. ಈ ವರ್ಷವೂ ಹೀಗೇ ಆದ್ರೆ ದೋಣಿ ಮಾರೋದೇ."

ಆಮೇಲೆ ಅಳಿವೆಯ ಮಾತಿಗೆ ಬಂದರು. ದನಿಯೇ ಬದಲಾಯಿತು, ಹೆತ್ತ ಮಗಳನ್ನು ಹೊಗಳುವವರ ಹಾಗೆ. ಸಿಹಿನೀರು, ಉಪ್ಪುನೀರು ಕೂಡುವ ಆ ಕೆಸರು ಮೀನುಗಳ ಬಾಣಂತಿ ಕೋಣೆ. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಸಿಗಡಿ, ಮೀನಿನ ಮರಿ ಅಡಗಿ ಬೆಳೆಯುತ್ತವೆ. ಚಿಪ್ಪುಗಳು ನೀರು ಸೋಸುತ್ತವೆ. ಬಿರುಗಾಳಿ ಬಂದರೆ ಊರಿಗಿಂತ ಮೊದಲು ಗಿಡಗಳೇ ಎದೆ ಕೊಡುತ್ತವೆ. ಇಷ್ಟಕ್ಕೂ ಪಗಾರ ಇಲ್ಲ, ರಜೆ ಇಲ್ಲ. ಈಗ ಅಲ್ಲಿ ಮರಳು ಬಗೆಯುತ್ತಾರೆ, ಕಾಂಡ್ಲಾ ಕಡಿಯುತ್ತಾರೆ, ಪೇಟೆಯ ಗಟಾರದ ನೀರು ಬಿಡುತ್ತಾರೆ. ಉಳಿದ ಚಿಪ್ಪನ್ನು ಮರಿಯಿದ್ದಾಗಲೇ ಬಾಚುತ್ತಾರೆ.

ಬುರಾನುದ್ದೀನ ಗಡ್ಡ ಕೆರೆದುಕೊಂಡ. "ಖರೇ. ಆದ್ರ ನಮ್ಮ ಮಲಪ್ರಭಾ ಮೂಡಣಕ್ಕ ಹರೀತಾಳ. ನಿಮ್ಮ ಅಳಿವಿಗೂ ನಮಗೂ ಏನು ಸಂಬಂಧ?"

"ಹೊಳಿ ಮೂಡಣಕ್ಕ ಹೋದ್ರೇನಾತು, ನಿಮ್ಮ ಚೀಲ ಪಡುವಣಕ್ಕ ಬಾಯಿ ತಗದೈತಲ್ರೀ!" ಅಂದಳು ಹೆಂಡತಿ ಜುಲೇಖಾ. "ನೀವು ಸಣ್ಣವು ಕೇಳ್ತೀರಿ, ಅಲ್ಲಿ ಹಿಡಿಯೋರು ಸಣ್ಣವ ಬಾಚತಾರ."

ಸಿಮ್ರನ್ ಹಿತ್ತಲ ಕಡೆ ಕೈ ತೋರಿಸಿದಳು. ಬೆಂಡೀ ಗಿಡದಲ್ಲಿ ದೊಡ್ಡ ಕಾಯಿಯೊಂದಕ್ಕೆ ಕೆಂಪು ಚಿಂದಿ ಕಟ್ಟಿತ್ತು.

"ಮೊನ್ನೆ ಅದನ್ನ ಮುಟ್ಟಿದ್ದಕ್ಕೆ ಬೈದ್ರಲ್ಲ ಅಬ್ಬಾ?"

"ಮತ್ತ! ಬೀಜಕ್ಕ ಬಿಟ್ಟೇನಿ. ಚಿಂದಿ ಕಾಣಸೂದಿಲ್ಲೇನು?"

"ಕೆಸರಿನೊಳಗೆ ಚಿಂದಿ ಯಾರು ಕಟ್ಟಬೇಕು?"

ಬುರಾನುದ್ದೀನ ತನ್ನ ತಾಟಿನ ಸಣ್ಣ ಚಿಪ್ಪುಗಳನ್ನು ಬದಿಗೆ ಸರಿಸಿದ.

ಮುಂದಿನ ವಾರ ಮಾರ್ಕೆಟ್ಟಿನಲ್ಲಿ ಮೀನಿನವಳು ಕರೆದಳು: "ಚಾಚಾ, ನಿಮ್ಮ ಸಲವಾಗಿ ಎಳೇವು ತಗದಿಟ್ಟೇನಿ!"

"ದೊಡ್ಡವಿದ್ರ ಕೊಡವಾ. ಇಲ್ಲಾಂದ್ರ ಇವತ್ತು ಬೆಂಡೀಕಾಯಿ ಪಲ್ಯಾನ."

ಅಲ್ಲಿಂದಲೇ ಬೀಗರಿಗೆ ಫೋನ್ ಹಚ್ಚಿದ. "ದೋಣಿ ಮಾರಬ್ಯಾಡ್ರಿ. ನಾ ಸಣ್ಣವು ತಗೊಳ್ಳೂದು ಬಿಟ್ಟೇನಿ."

ತಾನೊಬ್ಬ ಬಿಟ್ಟರೆ ಅಳಿವೆ ಉಳಿಯಿತೆಂದೇ ಅವನ ನಂಬಿಕೆ. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಅದಕ್ಕೇ ಈ ಮಾತು ನಿಮಗೆ: ಸಣ್ಣ ಚಿಪ್ಪು, ಮರಿಮೀನು, ಮೊಟ್ಟೆ ಹೊತ್ತ ಏಡಿ ಕಂಡರೆ ಬ್ಯಾಡ ಅನ್ರಿ. ಸಮುದ್ರ ನೋಡಲು ಹೋದಾಗ ಪ್ಲಾಸ್ಟಿಕ್ ಅಲ್ಲಿ ಬಿಟ್ಟು ಬರಬ್ಯಾಡ್ರಿ. ಕಾಂಡ್ಲಾ ಕಡಿಯುವುದು ಕಂಡರೆ ಬಾಯಿ ಬಿಟ್ಟು ಕೇಳ್ರಿ. ಚಿಂದಿ ಕಾಣದಿರಬಹುದು, ಬೀಜಕ್ಕೆ ಬಿಟ್ಟದ್ದು ಅಲ್ಲಿಯೂ ಐತಿ.