ಗಂಡನ ಹೆಸರು ಕಡ್ಡಾಯವಲ್ಲ

ಮ್ಯಾನೇಜರ್ ರಮೇಶ್‌ಬಾಬು ಕೊಟ್ಟ ಪಟ್ಟಿಯಲ್ಲಿ ಮೂವತ್ತೆಂಟು ಪ್ರಶ್ನೆಗಳಿದ್ದವು. ಇಫ್ರಾ ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು. ಚಿಕ್ಕಬಳ್ಳಾಪುರದ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಗೆ ಅವಳು ಸೇರಿ ಎರಡು ವರ್ಷವಾಗಿತ್ತು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಸಂಘವೊಂದು ಹೊಸ ಸೇವೆ ಶುರುಮಾಡಲು ಹೊರಟಿತ್ತು. ಹುಳುವಿಗೆ ಕಾಯಿಲೆ ಬಂದರೆ ಮೊಬೈಲ್‌ನಲ್ಲಿ ದೂರು ಕೊಡಬೇಕು, ಸಂಘದ ತಜ್ಞ ಮನೆಗೇ ಬರುತ್ತಾನೆ. ಅದಕ್ಕೆ ಬೆಳೆಗಾರರಿಂದ ಕನಿಷ್ಠ ಏನೇನು ಮಾಹಿತಿ ಬೇಕೆಂದು ಗೊತ್ತುಮಾಡಿ, ಪಟ್ಟಿಗೆ ಸಹಿ ಹಾಕುವ ಕೆಲಸ ಇಫ್ರಾಳದು.

"ಹಳೇ ಪ್ರಾಜೆಕ್ಟಿಂದೇ ಪಟ್ಟಿ ಇದು. ಮೇಲೆ ಹೆಸರು ಬದಲಾಯಿಸಿ ಕಳಿಸಿಬಿಡಮ್ಮ," ಎಂದರು ರಮೇಶ್‌ಬಾಬು. "ಎಲ್ಲಾನೂ ಕಡ್ಡಾಯ ಅಂತ ಹಾಕು. ಜಾಸ್ತಿ ಇದ್ರೆ ಯಾರೂ ಬೈಯಲ್ಲ, ಕಮ್ಮಿಯಾದ್ರೆ ಬೈತಾರೆ."

"ಒಂದ್ಸಲ ಹಳ್ಳೀಲಿ ಹಾಕಿ ನೋಡ್ಕೊಂಡು ಬರ್ತೀನಿ ಸಾರ್. ಆಮೇಲೆ ಸಹಿ."

ಮರುದಿನ ಬೆಳಗ್ಗೆ ಪಟ್ಟಿಯನ್ನು ಪರೀಕ್ಷೆಗೆಂದು ಫೋನಿಗೆ ಹಾಕಿಕೊಂಡು ಸಾದಲಿಗೆ ಹೋದಳು. ಸಂಘದವರು ತೋರಿಸಿದ್ದು ಅಮ್ಮಾಜಮ್ಮನ ಮನೆ. ಐವತ್ತು ದಾಟಿದ ಹೆಂಗಸು, ಹುಳುಮನೆಯ ಬಾಗಿಲಲ್ಲೇ ನಿಂತಿದ್ದಳು, ಮುಖ ಬಾಡಿತ್ತು. ಒಳಗೆ ಸೊಪ್ಪಿನ ಮೇಲೆ ಹುಳುಗಳು ಊದಿಕೊಂಡು ಹೊಳೆಯುತ್ತಿದ್ದವು. ಮುಟ್ಟಿದರೆ ಹಾಲಿನಂಥ ನೀರು ಒಸರುತ್ತಿತ್ತು. ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿದ ಇಫ್ರಾ ಗೂಡುಗಳನ್ನು ರಾಶಿರಾಶಿಯಾಗಿ ಕಂಡಿದ್ದಳು, ಸಾಯುವ ಹುಳುವನ್ನು ಕಂಡಿರಲಿಲ್ಲ.

"ಟ್ರಯಲ್ ಅಲ್ಲಮ್ಮಾ, ನಿಜವಾದ ದೂರೇ ಹಾಕಣ," ಎಂದು ಫೋನ್ ತೆಗೆದಳು. ಹೆಸರು, ಊರು ಸಲೀಸಾಗಿ ಹೋದವು. ಒಂಬತ್ತನೆಯದು ಗಂಡನ ಹೆಸರು.

ಅಮ್ಮಾಜಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಅದನ್ನ ಹಾಕಲ್ಲ."

"ಹಾಕದಿದ್ರೆ ಮುಂದಕ್ಕೆ ಹೋಗಲ್ಲಮ್ಮಾ ಇದು."

"ಏಮ್ಮಾ, ಅವನನ್ನ ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು. ಸೊಪ್ಪು ಕೊಯ್ದೋಳು ನಾನು, ಹುಳ ಮೇಯಿಸಿದೋಳು ನಾನು. ಅವನ ಹೆಸರು ಹೇಳಿದ್ರೆ ನನ್ನ ಹುಳಕ್ಕೆ ವಾಸಿ ಆಗ್ತದಾ?"

ಇಫ್ರಾ ಒಂದು ಚುಕ್ಕಿ ಒತ್ತಿ ನೋಡಿದಳು. ಪರದೆ ಒಪ್ಪಲಿಲ್ಲ. ಯಾವುದಾದರೂ ಸುಳ್ಳು ಹೆಸರು ಹಾಕೋಣವೆಂದು ಬೆರಳು ಹೋಯಿತು, ಅಮ್ಮಾಜಮ್ಮನ ಮುಖ ನೋಡಿ ನಿಂತಿತು. ಸುಳ್ಳು ಬರೆಸುವ ಪಟ್ಟಿಗೆ ತಾನು ಸಹಿ ಹಾಕಬೇಕಾಗಿತ್ತಲ್ಲ ಎಂದು ನಾಚಿಕೆಯಾಯಿತು. ಫೋನ್ ಪಕ್ಕಕ್ಕಿಟ್ಟು, ತಜ್ಞ ಚೆನ್ನರಾಯಪ್ಪನಿಗೆ ನೇರವಾಗಿ ಕರೆ ಮಾಡಿದಳು.

"ದೂರಿನ ನಂಬರ್ ಇಲ್ದೆ ಬರಂಗಿಲ್ಲ ಅಂತ ಹೇಳವ್ರೆ," ಎಂದ ಅವನು.

"ನಂಬರ್ ಬಿಡಿ ಅಣ್ಣಾ. ನೀವು ಔಷಧಿ ತಗೊಂಡು ಹೊರಡಬೇಕು ಅಂದ್ರೆ ಏನೇನು ಗೊತ್ತಿರಬೇಕು? ಅಷ್ಟು ಕೇಳಿ."

ಅವನು ಆರು ಪ್ರಶ್ನೆ ಕೇಳಿದ. ಯಾವ ಊರು, ಯಾರ ಮನೆ, ಫೋನ್ ನಂಬರ್ ಏನು, ಎಷ್ಟು ಮೊಟ್ಟೆಯ ಹುಳು, ಎಷ್ಟನೇ ಸಲ ಪೊರೆ ಬಿಟ್ಟಿವೆ, ಏನು ಕಾಣುತ್ತಿದೆ. ಇಫ್ರಾ ಆರನ್ನೂ ಅಂಗೈ ಮೇಲೆ ಬರೆದುಕೊಂಡಳು. ಗಂಟೆಯೊಳಗೆ ಚೆನ್ನರಾಯಪ್ಪ ಬೈಕಿನಲ್ಲಿ ಬಂದ. ಕೆಟ್ಟ ಹುಳು ಆರಿಸಿ ಹೂಳಿಸಿದ, ಉಳಿದವಕ್ಕೆ ಸುಣ್ಣದ ಪುಡಿ ಉದುರಿಸಿದ. ಅರ್ಧಕ್ಕಿಂತ ಹೆಚ್ಚು ಹುಳು ಉಳಿದವು. ನಿನ್ನೆಯೇ ಕರೆದಿದ್ದರೆ ಇನ್ನೂ ಉಳಿಯುತ್ತಿದ್ದವು ಎಂದ.

ಕಚೇರಿಯಲ್ಲಿ ಇಫ್ರಾ ಮೂವತ್ತೆಂಟರ ಪಟ್ಟಿಯನ್ನು ಸಹಿಯಿಲ್ಲದೆ ವಾಪಸು ಕೊಟ್ಟಳು. ಜೊತೆಗೆ ಆರು ಸಾಲಿನ ಒಂದು ಹಾಳೆ.

"ನೀನು ಸಹಿ ಹಾಕದಿದ್ರೆ ನಾನೇ ಹಾಕ್ತೀನಿ," ಎಂದರು ರಮೇಶ್‌ಬಾಬು.

"ಹಾಕಿ ಸಾರ್. ನಾನು ಯಾಕೆ ಹಾಕಲಿಲ್ಲ ಅಂತ ಸಂಘಕ್ಕೆ ಬರೀತೀನಿ, ನಿಮಗೂ ಒಂದು ಕಾಪಿ ಇರುತ್ತೆ."

ಹೇಳಿದಂತೆ ಬರೆದಳು. ವಾರದೊಳಗೆ ಸಂಘದ ಅಧ್ಯಕ್ಷ ನಲ್ಲಪ್ಪ ಇಬ್ಬರನ್ನೂ ಕರೆಸಿದರು. ಅವರಿಗೂ ಆರು ಸಾಲು ಕಡಿಮೆಯೆನಿಸಿತ್ತು. "ಪಹಣಿ, ಜಾತಿ, ಗಂಡ, ಮಕ್ಕಳು, ಎಲ್ಲ ಈಗಲೇ ತಗೊಂಡ್ರೆ ಮುಂದೆ ಸಬ್ಸಿಡಿಗೆ ಅನುಕೂಲ ಅಲ್ವೇನಮ್ಮ?"

ಇಫ್ರಾ ಎದ್ದು ನಿಂತಳು. "ಸಬ್ಸಿಡಿ ಕೊಡೋ ದಿನ ಕೇಳಿ ಸಾರ್, ಜನ ಖುಷಿಯಾಗಿ ಕೊಡ್ತಾರೆ. ಹುಳ ಸಾಯ್ತಿರೋವಾಗ ಕೇಳಬೇಡಿ. ಒಂದೊಂದು ಸಾಲಿನ ಮುಂದೂ ಅದನ್ನ ಯಾರು ಓದ್ತಾರೆ, ಓದಿ ಏನು ಮಾಡ್ತಾರೆ ಅಂತ ಬರೀರಿ. ಬರೆಯೋಕಾಗದಿದ್ರೆ ಹೊಡೆದು ಹಾಕಿ."

ನಲ್ಲಪ್ಪ ಪೆನ್ನು ತೆಗೆದುಕೊಂಡರು. ಗಂಡನ ಹೆಸರಿನ ಮುಂದೆ ಬರೆಯಲು ಏನೂ ಸಿಗದೆ ಆ ಸಾಲನ್ನು ಹೊಡೆದು ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಆರು ಸಾಲು ಉಳಿದವು. ಪಹಣಿಯನ್ನು ಮಾತ್ರ ಇಷ್ಟವಿದ್ದವರು ಕೊಡಬಹುದೆಂದು ಕೆಳಗೆ ಸೇರಿಸಿದರು.

ಸೇವೆ ಶುರುವಾದ ಮೊದಲ ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ದೂರು ಬಂದವು. ಅವುಗಳಲ್ಲಿ ಬಹುಪಾಲು ಹೆಂಗಸರ ಹೆಸರಿನಲ್ಲೇ ಇದ್ದವು. ಸಂಘದಲ್ಲಿ ಯಾರಿಗೂ ಅಷ್ಟು ಹೆಂಗಸರು ಹುಳು ಮೇಯಿಸುತ್ತಾರೆಂಬ ಅಂದಾಜೇ ಇರಲಿಲ್ಲ.

ಅದೇ ತಿಂಗಳು ಇಫ್ರಾಳನ್ನು ಮಂಚೇನಹಳ್ಳಿಯ ಹಾಲಿನ ಡೇರಿಯ ಕೆಲಸಕ್ಕೆ ಹಾಕಿದರು. ದಿನಕ್ಕೆ ಎರಡು ಬಸ್ಸು ಬದಲಾಯಿಸಬೇಕಾದ ಜಾಗ. ಆದೇಶ ಕೈಗಿಟ್ಟು ರಮೇಶ್‌ಬಾಬು ಅವಳ ಮುಖ ನೋಡಿದರು, ಬೇಡಿಕೊಳ್ಳುತ್ತಾಳೇನೋ ಎಂದು.

"ಸೋಮವಾರದಿಂದ ಹೋಗ್ತೀನಿ ಸಾರ್," ಎಂದಳು ಇಫ್ರಾ. "ಅಲ್ಲಿನ ಪಟ್ಟಿಗೂ ನನ್ನದೇ ಸಹಿ ತಾನೆ?"

ಅವಳು ಆದೇಶದ ಹಾಳೆ ಮಡಿಚಿಟ್ಟುಕೊಂಡಳು. ಚೀಲ ಹೆಗಲಿಗೇರಿಸಿ ಮಂಚೇನಹಳ್ಳಿ ಬಸ್ಸಿನ ವೇಳೆ ಕೇಳಲು ಬಸ್ ನಿಲ್ದಾಣದ ಕಡೆ ನಡೆದಳು.